ಊರಿನ ಲೆಕ್ಕ ಮಕ್ಕಳ ಕೈಗೆ

ಮಳೆ, ಮಣ್ಣು, ನೀರನ್ನು ಅಳೆದು ಊರಿನ ಮುಂದಿಡುವುದನ್ನು ಕಲಿಸಿದಾಗಲೇ ಪರಿಸರ ಪಾಠ ಪೂರ್ತಿಯಾಗುತ್ತದೆ. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಆ ಶಕ್ತಿ ಇದೆ. ರಾಯಚೂರು ಜಿಲ್ಲೆಯ ಗುರುಗುಂಟಾದ ಸುತ್ತಮುತ್ತ ಅದಕ್ಕೆ ಬೇಕಾದ ಪಠ್ಯವೂ ಇದೆ.

ಇಲ್ಲಿನ ಶಾಲೆಯ ಅಂಗಳದಲ್ಲಿ ಪರಿಸರ ದಿನವಾದ ಜೂನ್ 5ರಂದು ನೆಟ್ಟ ಸಸಿಗೆ ನಿಜವಾದ ಪರೀಕ್ಷೆ ಬರುವುದು ಮರುವರ್ಷದ ಏಪ್ರಿಲ್‌ನಲ್ಲಿ. ಮುಂಗಾರು ಅದನ್ನು ಹೇಗೋ ಸಾಕುತ್ತದೆ. ಮಳೆ ನಿಂತ ಮೇಲೆ, ಬಿಸಿಯೂಟ ಉಂಡ ಮಕ್ಕಳು ಕೈ, ತಟ್ಟೆ ತೊಳೆದ ನೀರು ಸಿಗುತ್ತದೆ. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೇಸಿಗೆ ರಜೆ ಶುರುವಾಗಿ ಶಾಲೆಗೆ ಬೀಗ ಬಿದ್ದರೆ ಮೇ ಕೊನೆಯವರೆಗೆ ಆ ಕಡೆ ಸುಳಿಯುವವರು ಕಡಿಮೆ. ಬಿಸಿಲು 40 ಡಿಗ್ರಿ ದಾಟುವುದೂ ಅದೇ ದಿನಗಳಲ್ಲಿ. ಶಾಲೆ ಮತ್ತೆ ತೆರೆಯುವಾಗ ಎಷ್ಟೋ ಕಡೆ ಅದೇ ಗುಂಡಿ ಹೊಸ ಸಸಿಗೆ ಕಾದಿರುತ್ತದೆ.

ಇದಕ್ಕೆ ಮಕ್ಕಳನ್ನಾಗಲಿ ಶಿಕ್ಷಕರನ್ನಾಗಲಿ ದೂರಿದರೆ ಪ್ರಯೋಜನವಿಲ್ಲ. ಆ ಆರೇಳು ವಾರ ಸಸಿಯನ್ನು ಉಳಿಸಬಲ್ಲವರು ಶಾಲೆಯ ಹೊರಗಿದ್ದಾರೆ: ಎದುರು ಮನೆಯವರು, ಅಂಗನವಾಡಿ ಕಾರ್ಯಕರ್ತೆ, ಪಂಚಾಯಿತಿಯ ನೀರುಗಂಟಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು. ಮಾರ್ಚ್ ತಿಂಗಳಲ್ಲೇ ಏಳನೇ ತರಗತಿಯ ಮಕ್ಕಳು ಅವರ ಮನೆ ಬಾಗಿಲಿಗೆ ಹೋಗಿ, "ಕಾಕಾ, ಸಾಲಿ ಶುರು ಆಗೋತನಕ ಈ ಎರಡು ಗಿಡಕ್ಕ ನೀವು ನೀರು ಹಾಕ್ರಿ" ಎಂದು ಒಪ್ಪಿಸಿದರೆ, ಯಾವ ಗಿಡ ಯಾರ ಪಾಲಿಗೆ ಎಂದು ಪಟ್ಟಿ ಬರೆದು ಶಾಲೆಯ ಗೋಡೆಗೆ ಅಂಟಿಸಿದರೆ, ಆ ಸಸಿ ಊರಿನದಾಗುತ್ತದೆ. ಸಮುದಾಯದ ಪರಿಸರ ಸಂರಕ್ಷಣೆ ಎಂಬ ದೊಡ್ಡ ಮಾತಿನ ತಿರುಳು ಇಷ್ಟೇ. ಮಗು ಲೆಕ್ಕ ಹಿಡಿಯಬೇಕು, ಊರು ಜವಾಬ್ದಾರಿ ಹೊರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಪಾಠ ಅರ್ಧಕ್ಕೇ ನಿಲ್ಲುತ್ತದೆ.

ವಿಷಯವೇ ಮರೆಯಾಗುವ ವಯಸ್ಸು

ನಮ್ಮ ಶಾಲೆಗಳಲ್ಲಿ ಐದನೇ ತರಗತಿಯವರೆಗೆ 'ಪರಿಸರ ಅಧ್ಯಯನ' ಎಂಬ ಪಠ್ಯಪುಸ್ತಕ ಇರುತ್ತದೆ. ಆರನೇ ತರಗತಿಗೆ ಬಂದೊಡನೆ ಅದು ವಿಜ್ಞಾನ, ಸಮಾಜ ವಿಜ್ಞಾನ ಎಂದು ಎರಡಾಗುತ್ತದೆ. ಕೆರೆಯ ನೀರು ಒಂದು ಪುಸ್ತಕಕ್ಕೆ, ಕೆರೆಯನ್ನು ನೋಡಿಕೊಳ್ಳಬೇಕಾದ ಪಂಚಾಯಿತಿ ಇನ್ನೊಂದು ಪುಸ್ತಕಕ್ಕೆ ಹೋಗುತ್ತದೆ. ಆದರೆ ಮಗು ಹಳ್ಳದ ಆಚೆ ಏನಿದೆ ಎಂದು ನೋಡಲು ಹೊರಡುವುದು, ಸರಾಸರಿ ತೆಗೆಯುವುದನ್ನು ಕಲಿಯುವುದು, ಹಿರಿಯರನ್ನು ನಿಲ್ಲಿಸಿ ಪ್ರಶ್ನೆ ಕೇಳುವುದು ಹನ್ನೊಂದರಿಂದ ಹದಿನಾಲ್ಕರ ಇದೇ ವಯಸ್ಸಿನಲ್ಲಿ. ಎರಡು ಪುಸ್ತಕಗಳನ್ನು ಮತ್ತೆ ಒಂದುಗೂಡಿಸಬಲ್ಲದ್ದು ಊರು ಮಾತ್ರ.

ಕಾಗದದ ಮೇಲೆ ನಮಗೆ ಕೊರತೆ ಏನಿಲ್ಲ. 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ 51ಎ ವಿಧಿಯನ್ನು ಸೇರಿಸಿ, ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯನ್ನು ಪ್ರತಿ ನಾಗರಿಕನ ಕರ್ತವ್ಯವಾಗಿಸಿತು. ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಲು ಹೇಳಿತು. 2003ರಲ್ಲಿ ಅದನ್ನು ಜಾರಿಗೊಳಿಸುವಂತೆ ಮತ್ತೆ ನಿರ್ದೇಶನ ನೀಡಿತು. 2001–02ರಲ್ಲಿ ಕೇಂದ್ರದ ಪರಿಸರ ಸಚಿವಾಲಯ ರಾಷ್ಟ್ರೀಯ ಹಸಿರು ಪಡೆಯನ್ನು ಆರಂಭಿಸಿದ ಮೇಲೆ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಬಂದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಬ್ಯಾಗ್ ರಹಿತ ಅವಧಿ ಇರಲಿ ಎಂದಿತು. ಕಾನೂನಿದೆ, ಕ್ಲಬ್ ಇದೆ, ದಿನವೂ ಇದೆ. ಪಾಠದಲ್ಲಿ ಆ ಮಗುವಿನ ಊರು ಮಾತ್ರ ಇಲ್ಲ.

ಹಳ್ಳಿಯ ಮಕ್ಕಳು ತಮ್ಮ ಸುತ್ತಲಿನದನ್ನು ತಾವೇ ಅಳೆದು ವಿಜ್ಞಾನ ಕಲಿಯಬಲ್ಲರು ಎಂಬುದಕ್ಕೆ ಹೊಸ ಪುರಾವೆ ಬೇಕಾಗಿಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಇಂಥದ್ದೊಂದು ಪ್ರಯೋಗ ಶುರುವಾಯಿತು. ಅದು ಆರರಿಂದ ಎಂಟನೇ ತರಗತಿಯವರಿಗಾಗಿಯೇ ರೂಪಿಸಿದ ವಿಜ್ಞಾನ ಶಿಕ್ಷಣ. ಮಕ್ಕಳು ಗುಂಪಾಗಿ ಪ್ರಯೋಗ ಮಾಡುತ್ತಿದ್ದರು, ಹೊಲ ಸುತ್ತುತ್ತಿದ್ದರು, ತಾವು ಕಂಡದ್ದನ್ನೇ ಉತ್ತರವಾಗಿ ಬರೆಯುತ್ತಿದ್ದರು. ಮೂವತ್ತು ವರ್ಷ ನಡೆದು ನೂರಾರು ಶಾಲೆಗಳಿಗೆ ಹರಡಿದ ಆ ಕಾರ್ಯಕ್ರಮವನ್ನು ಅಲ್ಲಿನ ಸರ್ಕಾರ 2002ರಲ್ಲಿ ನಿಲ್ಲಿಸಿತು. ಅದು ಬೆಳೆಸಿದ ಕಲಿಸುವ ದಾರಿ ಮಾತ್ರ ದೇಶದ ಶಿಕ್ಷಕರ ನಡುವೆ ಇಂದಿಗೂ ಜೀವಂತವಾಗಿದೆ. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸಂಘಟಿಸುತ್ತ ಬಂದಿರುವ ಮಕ್ಕಳ ವಿಜ್ಞಾನ ಸಮಾವೇಶದ ಆಶಯವೂ ಇದೇ. 1993ರಿಂದ ದೇಶದಾದ್ಯಂತ ನಡೆಯುತ್ತಿರುವ ಈ ಸಮಾವೇಶಕ್ಕೆ ಮಕ್ಕಳು ತಮ್ಮ ಊರಿನ ಒಂದು ಸಮಸ್ಯೆಯನ್ನು ಆರಿಸಿಕೊಂಡು ತಂಡವಾಗಿ ಅಧ್ಯಯನ ಮಾಡಿ ಬರಬೇಕು. ಸ್ಪರ್ಧೆಗೆ ಆಯ್ಕೆಯಾದ ಬೆರಳೆಣಿಕೆಯ ಮಕ್ಕಳಿಗೆ ಸಿಗುವ ಈ ಅನುಭವ ತರಗತಿಯ ಪ್ರತಿ ಮಗುವಿಗೂ ಸಿಗಬೇಕು ಎಂಬುದು ನನ್ನ ಒತ್ತಾಯ.

ಒಂದು ಡಬ್ಬಿ, ಒಂದು ಸ್ಕೇಲು

ಎಲ್ಲಿಂದ ಶುರು ಮಾಡುವುದು? ಮಳೆಯಿಂದ. ಗುರುಗುಂಟಾ ಲಿಂಗಸುಗೂರು ತಾಲ್ಲೂಕಿನ ಹೋಬಳಿ ಕೇಂದ್ರ. ಉತ್ತರಕ್ಕೆ ಕೃಷ್ಣೆ ಹರಿಯುತ್ತಾಳೆ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರ ಜಲಾಶಯದ ಬಲದಂಡೆ ಕಾಲುವೆ ಈ ತಾಲ್ಲೂಕಿನ ಹೊಲಗಳಿಗೂ ನೀರು ಕೊಟ್ಟಿದೆ. ಹಾಗಿದ್ದರೂ ಕಾಲುವೆ ಮುಟ್ಟದ ಹೊಲಗಳ ತೊಗರಿ, ಸಜ್ಜೆ, ಹತ್ತಿ ಬದುಕುವುದು ಮುಗಿಲು ನೋಡಿಯೇ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರ್ ಆಸುಪಾಸು.

ಬಾಯಿಯೂ ತಳವೂ ಒಂದೇ ಅಗಲ ಇರುವ ಡಬ್ಬಿಯನ್ನು ಮರ, ಗೋಡೆಗಳಿಂದ ದೂರ, ಬಯಲಿನಲ್ಲಿ ಅಲುಗದಂತೆ ಇಡಬೇಕು. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಅದರಲ್ಲಿ ನಿಂತ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದು ಬರೆಯಬೇಕು. ಹವಾಮಾನ ಇಲಾಖೆ ದಿನದ ಮಳೆಯನ್ನು ಲೆಕ್ಕ ಹಾಕುವುದು ಬೆಳಿಗ್ಗೆ 8.30ಕ್ಕೆ, ಮಕ್ಕಳೂ ಅದೇ ಹೊತ್ತನ್ನು ಹಿಡಿಯಲಿ. ತಾವು ಬರೆದದ್ದು ಸರಿಯೇ ಎಂದು ತಾಳೆ ನೋಡಲು ದಾರಿ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕಗಳನ್ನು ಹಾಕಿದೆ. ಶಾಲೆಯ ಡಬ್ಬಿಯ ಅಂಕಿಯೂ ಪಂಚಾಯಿತಿಯ ಮಾಪಕದ ಅಂಕಿಯೂ ಬೇರೆಯಾದರೆ ಇನ್ನೂ ಒಳ್ಳೆಯದು. ಡಬ್ಬಿ ಮರದ ಕೆಳಗಿತ್ತೇ? ಅಲ್ಲಿ ಸುರಿದ ಮಳೆ ಇಲ್ಲಿ ಸುರಿಯಲಿಲ್ಲವೇ? ಹೀಗೆ ಕೇಳುತ್ತಲೇ ಮಕ್ಕಳು ವಿಜ್ಞಾನದೊಳಗೆ ಇಳಿಯುತ್ತಾರೆ.

ಇಲ್ಲಿಂದ ಮುಂದಿನದು ಗಣಿತ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಎರಡು ಕೊಠಡಿಗಳ ಮಾಳಿಗೆ 100 ಚದರ ಮೀಟರ್ ಇದ್ದರೆ 600 ಮಿಲಿಮೀಟರ್ ಮಳೆಗೆ 60,000 ಲೀಟರ್. ಆವಿಯಾಗಿ, ಚೆಲ್ಲಿ ಹೋದದ್ದಕ್ಕೆ ಐದರಲ್ಲಿ ಒಂದು ಪಾಲು ಕಳೆದರೂ 48,000 ಲೀಟರ್ ಉಳಿಯುತ್ತದೆ. ನೂರು ಮಕ್ಕಳ ಶಾಲೆಯಲ್ಲಿ ತಲಾ ಎರಡು ಲೀಟರ್‌ನಂತೆ ದಿನಕ್ಕೆ 200 ಲೀಟರ್ ಕುಡಿಯಲು ಬೇಕು. ಅಂದರೆ 240 ದಿನಗಳ ನೀರು! ಶಾಲೆ ನಡೆಯುವ ದಿನಗಳೂ ವರ್ಷಕ್ಕೆ ಹೆಚ್ಚುಕಡಿಮೆ ಅಷ್ಟೇ. ಅಷ್ಟೂ ನೀರನ್ನು ಒಮ್ಮೆಗೇ ಹಿಡಿದಿಡುವ ತೊಟ್ಟಿ ಕಟ್ಟುವುದು ಸುಲಭವಲ್ಲ, ಮೊದಲ ಮಳೆಯಲ್ಲಿ ಮಾಳಿಗೆಯ ಧೂಳು ಹೊರಗೆ ಹೋಗಲು ಬಿಡಬೇಕು, ಸೋಸಬೇಕು. ಈ ಷರತ್ತುಗಳೂ ಪಾಠದ ಭಾಗವೇ. ಆದರೆ ತನ್ನ ಮಾಳಿಗೆಯ ಮೇಲಿಂದ ಎಷ್ಟು ನೀರು ಹರಿದು ಹಳ್ಳ ಸೇರುತ್ತಿದೆ ಎಂದು ತಾನೇ ಗುಣಿಸಿ ನೋಡಿದ ಮಗುವಿಗೆ 'ನೀರು ಉಳಿಸಿ' ಎಂಬ ಘೋಷಣೆಯನ್ನು ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ.

ಬಂಡೆಯೊಳಗಿನ ಪಾಠ

ಮಾಳಿಗೆಯ ನೀರಿಗೆ ಇಷ್ಟು ಬೆಲೆ ಏಕೆಂದು ತಿಳಿಯಬೇಕಾದರೆ ನೆಲದೊಳಕ್ಕೆ ಇಳಿಯಬೇಕು. ಗುರುಗುಂಟಾದ ಹತ್ತಿರದಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಇಲ್ಲಿ ಚಿನ್ನಕ್ಕಾಗಿ ನೆಲ ಬಗೆದಿದ್ದರು. ಇಂದಿಗೂ ದೇಶದ ಚಿನ್ನದ ಗಣಿಗಳಲ್ಲಿ ಅದೇ ಮುಖ್ಯವಾದದ್ದು. ಇಲ್ಲಿನ ಚಿನ್ನದ ಬಂಡೆಗಳಲ್ಲಿ ಆರ್ಸೆನೋಪೈರೈಟ್ ಎಂಬ ಖನಿಜವೂ ಇರುತ್ತದೆ. ಅದರಲ್ಲಿರುವ ಆರ್ಸೆನಿಕ್ ಅಂತರ್ಜಲಕ್ಕೆ ಸೇರಬಲ್ಲದು. ಕೃಷ್ಣೆಯ ಆಚೆ ದಡದ ಸುರಪುರ ತಾಲ್ಲೂಕಿನಲ್ಲಿ, ಅಲ್ಲಿನ ಮಂಗಳೂರು ಎಂಬ ಊರಿನ ಹಳೆಯ ಚಿನ್ನದ ಗಣಿಯ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮದ ಮೇಲೆ ಕಲೆ, ಗಂಟುಗಳು ಎದ್ದದ್ದು ಸಂಶೋಧಕರ ಅಧ್ಯಯನಗಳಲ್ಲಿ ದಾಖಲಾಗಿದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ.

ಇನ್ನೂ ಹೆಚ್ಚು ಹಳ್ಳಿಗಳನ್ನು ಕಾಡುವುದು ಫ್ಲೋರೈಡ್. ಗ್ರಾನೈಟ್, ನೈಸ್ ಬಂಡೆಗಳ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ಬಂಡೆಯ ಖನಿಜದಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ಹಳೆಯ ನೀರು ಮೇಲೆ ಬರುವ ಸಂಭವ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಪ್ರಮಾಣ ಹೆಚ್ಚಾಗಿ ಬಹುಕಾಲ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮಾಳಿಗೆಯ 48,000 ಲೀಟರ್ ಎಂಬ ಲೆಕ್ಕಕ್ಕೆ ಇಲ್ಲಿ ಅರ್ಥ ಬರುತ್ತದೆ.

ಮಕ್ಕಳು ಇಲ್ಲಿ ಮಾಡಬಹುದಾದ ಕೆಲಸ ಬಹಳ ಇದೆ. ಊರಿನ ಕೊಳವೆಬಾವಿಗಳನ್ನು ನಕ್ಷೆಯಲ್ಲಿ ಗುರುತಿಸಬಹುದು. ಯಾವ ವರ್ಷ ಕೊರೆಸಿದ್ದು, ಎಷ್ಟು ಅಡಿಗೆ ನೀರು ಬಂತು ಎಂದು ಅಜ್ಜಂದಿರನ್ನು ಕೇಳಿ ಬರೆದು, ವರ್ಷ ಒಂದು ಗೆರೆಗೆ, ಆಳ ಇನ್ನೊಂದು ಗೆರೆಗೆ ಇಟ್ಟು ರೇಖಾನಕ್ಷೆ ಎಳೆಯಬಹುದು. ಜಲಜೀವನ ಮಿಷನ್ ಪ್ರತಿ ಹಳ್ಳಿಯಲ್ಲಿ ಕನಿಷ್ಠ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದು ಹೇಳಿದೆ. ಆ ಅಕ್ಕಂದಿರನ್ನು ಶಾಲೆಗೆ ಕರೆಸಿ ಮಕ್ಕಳ ಕಣ್ಣೆದುರೇ ಪರೀಕ್ಷೆ ಮಾಡಿಸಬಹುದು. 'ಕಾಯಿಸಿ ಕುಡಿದರೆ ಎಲ್ಲ ಹೋಗುತ್ತದೆ' ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಮತ್ತು ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅವುಗಳ ಪ್ರಮಾಣ ಏರುತ್ತದೆ. ಈ ಒಂದು ತಿಳಿವಳಿಕೆಯನ್ನು ಮಗು ಮನೆಗೆ ಒಯ್ದರೆ ಇಡೀ ಓಣಿಗೆ ಉಪಕಾರ.

ಮಣ್ಣೆತ್ತಿನಿಂದ ಜಾತ್ರೆಯವರೆಗೆ

ಶಾಲೆ ಶುರುವಾದ ಕೆಲವೇ ವಾರಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಎತ್ತು ಮಾಡಲು ಮಕ್ಕಳು ಮಣ್ಣು ಹುಡುಕಿ ಹೊರಡುವ ಆ ದಿನಕ್ಕಿಂತ ಒಳ್ಳೆಯ ಮಣ್ಣಿನ ಪಾಠ ಬೇರೆ ಇಲ್ಲ. ಎರೆ ಮಣ್ಣಿನಲ್ಲಿ ಎತ್ತು ಗಟ್ಟಿಯಾಗಿ ನಿಲ್ಲುತ್ತದೆ, ಮಸಾರಿ ಮಣ್ಣು ಉದುರುತ್ತದೆ. ಏಕೆ? ಎರಡನ್ನೂ ಒಂದೊಂದು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಕುಲುಕಿ ಇಟ್ಟರೆ ಮರಳು ನಿಮಿಷದೊಳಗೆ ತಳ ಸೇರುತ್ತದೆ. ಜೇಡಿ ಕಣ ತಳ ಮುಟ್ಟಲು ಒಂದು ದಿನವೂ ಸಾಲದು. ಹೊಲದಿಂದ ಹರಿದು ಹೋಗುವುದು ಇದೇ ಸಣ್ಣ ಕಣ. ಅದು ಹೋಗಿ ಸೇರುವುದು ಎಲ್ಲಿಗೆ ಎಂಬುದಕ್ಕೆ ತುಂಗಭದ್ರಾ ಜಲಾಶಯ ಒಂದು ಉದಾಹರಣೆ. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಇದ್ದ ಅದರ ಸಾಮರ್ಥ್ಯ ಹೂಳು ತುಂಬಿ 106 ಟಿಎಂಸಿ ಅಡಿಯ ಆಸುಪಾಸಿಗೆ ಇಳಿದಿದೆ.

ಅದೇ ಜಲಾಶಯದ ಎಡದಂಡೆ ಕಾಲುವೆ ಸಿಂಧನೂರನ್ನು ಭತ್ತದ ಕಣಜವಾಗಿಸಿತು. ಜೊತೆಗೆ ಸವಳು–ಜವಳನ್ನೂ ತಂದಿತು. ಬಸಿದು ಹೋಗಲು ದಾರಿಯಿಲ್ಲದೆ ನೀರು ನಿಂತಾಗ ಅಂತರ್ಜಲ ಮೇಲೇರುತ್ತದೆ, ನೆಲದೊಳಗಿನ ಲವಣ ಅದರೊಡನೆ ಮೇಲೆ ಬರುತ್ತದೆ, ಬಿಸಿಲಿಗೆ ನೀರು ಆರಿ ಲವಣ ಮಾತ್ರ ಬಿಳಿ ಪದರವಾಗಿ ಉಳಿಯುತ್ತದೆ. ಸವಳು ಮಣ್ಣನ್ನು ನೀರಿನಲ್ಲಿ ಕಲಸಿ, ತಿಳಿಯನ್ನು ಬಸಿದು, ಒಂದು ತಟ್ಟೆಯಲ್ಲಿ ಬಿಸಿಲಿಗಿಟ್ಟರೆ ಸಂಜೆಯೊಳಗೆ ಮಕ್ಕಳಿಗೆ ಆ ಲವಣ ಕಾಣುತ್ತದೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹೊಸದಾಗಿ ಕಂಡ ಲಿಂಗಸುಗೂರಿನ ರೈತರಿಗೆ ಸಿಂಧನೂರಿನ ಈ ಅನುಭವ ಮೊದಲೇ ತಿಳಿದಿರಬೇಕು.

ಹಳ್ಳದ ದಂಡೆಗಳನ್ನು ಆವರಿಸಿರುವ ಬಳ್ಳಾರಿ ಜಾಲಿಯೂ ಇಂಥದೇ ಪಾಠ. ಪರದೇಶದಿಂದ ತಂದ ಈ ಮುಳ್ಳುಗಿಡದ ಕಾಯಿಯನ್ನು ಆಡು, ದನ ತಿಂದು ಬೀಜವನ್ನು ಊರೆಲ್ಲ ಹರಡುತ್ತವೆ. ಅದರಡಿಯಲ್ಲಿ ಹುಲ್ಲು ಬೆಳೆಯುವುದು ಅಪರೂಪ. ಆದರೆ ಬಡವರ ಒಲೆ ಉರಿಯುವುದು ಅದರ ಕಟ್ಟಿಗೆಯಿಂದಲೇ. ಕಡಿಯಬೇಕೆ, ಬೇಡವೆ ಎಂದು ತರಗತಿಯಲ್ಲಿ ಚರ್ಚೆ ನಡೆದರೆ, ಸಂರಕ್ಷಣೆ ಎಂದರೆ ಒಬ್ಬರ ಬದುಕನ್ನು ಮರೆತು ಕೈಗೊಳ್ಳುವ ತೀರ್ಮಾನವಲ್ಲ ಎಂಬುದು ಮಕ್ಕಳಿಗೆ ತಿಳಿಯುತ್ತದೆ. ಇದೇ ಹೊತ್ತಿಗೆ ಊರಿನ ಬೇವು, ಹುಣಸೆ, ಆಲ, ಬನ್ನಿ ಮರಗಳ ಪಟ್ಟಿಯೂ ಆಗಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಜೀವಿಗಳ ದಾಖಲಾತಿಯೂ ಇರಬೇಕು. ಮಕ್ಕಳು ಆ ದಾಖಲಾತಿಯನ್ನು ಕೇಳಿ ಪಡೆದು ತಮ್ಮ ಪಟ್ಟಿಯೊಡನೆ ಹೋಲಿಸಿ ನೋಡಲಿ.

ವರ್ಷದ ಕೊನೆಗೆ ಜಾತ್ರೆ. ಗುರುಗುಂಟಾ ಅಮರೇಶ್ವರ ಎಂದೇ ಹೆಸರಾದ ದೇವರಭೂಪುರದ ಅಮರೇಶ್ವರನ ಸನ್ನಿಧಿಗೆ ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಜನ ಊರೂರಿನಿಂದ ಬರುತ್ತಾರೆ. ಜಾತ್ರೆ ಮುಗಿದ ಮರುದಿನ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಜಾಗವನ್ನು ಗುರುತಿಸಿ, ಅದರೊಳಗೆ ಬಿದ್ದ ಪ್ಲಾಸ್ಟಿಕ್ ಲೋಟ, ಚೀಲ, ಬಾಟಲಿಗಳನ್ನು ಶಿಕ್ಷಕರ ಜೊತೆ ನಿಂತು ಎಣಿಸಿದರೆ ಸಾಕು. ಆ ಎಣಿಕೆಯನ್ನು ಜಾತ್ರಾ ಸಮಿತಿಯ ಹಿರಿಯರಿಗೆ ಕೊಟ್ಟು, ಮುಂದಿನ ವರ್ಷ ಮತ್ತೆ ಎಣಿಸಬೇಕು. ಭಕ್ತಿಗೆ ಇದರಿಂದ ಯಾವ ಕುಂದೂ ಇಲ್ಲ. ದೇವರ ಸನ್ನಿಧಿಯನ್ನು ಚೊಕ್ಕವಾಗಿ ಇಡುವುದೂ ಸೇವೆಯೇ.

ಲೆಕ್ಕ ಒಪ್ಪಿಸುವ ಜಾಗ

ಅಳೆದದ್ದು ನೋಟ್‌ಬುಕ್ಕಿನಲ್ಲೇ ಉಳಿದರೆ ಅದು ಅಂಕದ ಪ್ರಾಜೆಕ್ಟ್ ಆಗುತ್ತದೆ, ಊರಿಗೆ ತಲುಪುವುದಿಲ್ಲ. ತಲುಪಿಸಲು ಕರ್ನಾಟಕದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ: ಮಕ್ಕಳ ಗ್ರಾಮಸಭೆ. ತೊಂಬತ್ತರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಹಳ್ಳಿಗಳಲ್ಲಿ ದುಡಿಯುವ ಮಕ್ಕಳ ಸಂಘಟನೆಯಿಂದ ಹುಟ್ಟಿದ ಮಕ್ಕಳ ಪಂಚಾಯಿತಿಗಳು ಊರಿನ ಕಾಲುದಾರಿ, ಕಾಲುಸಂಕ, ನೀರು, ಸೌದೆಯ ಕಷ್ಟಗಳನ್ನು ತಾವೇ ಸಮೀಕ್ಷೆ ಮಾಡಿ ಹಿರಿಯರ ಮುಂದಿಟ್ಟವು. ಮುಂದೆ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರ್ಕಾರವೇ ಹೇಳಿತು. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಈ ಸಭೆಗಳು ನಡೆಯುತ್ತವೆ.

ನವೆಂಬರ್ ಎಂದರೆ ಮಳೆಗಾಲದ ಲೆಕ್ಕ ಮುಗಿದ ಹೊತ್ತು. 'ನಮ್ಮ ಶಾಲೆಗೆ ನೀರು ಕೊಡಿ' ಎಂದು ಬೇಡುವುದಕ್ಕೂ, 'ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಮಾಳಿಗೆಯಿಂದ ಇಷ್ಟು ಸಾವಿರ ಲೀಟರ್ ಹರಿದು ಹೋಯಿತು, 5,000 ಲೀಟರಿನ ಒಂದು ತೊಟ್ಟಿ ಕೊಟ್ಟರೆ ಅದು ಇಷ್ಟು ಸಲ ತುಂಬುತ್ತಿತ್ತು, ಲೆಕ್ಕ ಇಲ್ಲಿದೆ' ಎನ್ನುವುದಕ್ಕೂ ಬಹಳ ವ್ಯತ್ಯಾಸ. ಎರಡನೆಯ ಮಾತು ಆಡಿದ ಮಕ್ಕಳನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಲಿ ಅಧ್ಯಕ್ಷರಾಗಲಿ ತಲೆ ಸವರಿ ಕಳಿಸಲು ಆಗದು. ಶಾಲೆಗಳ ಕಾಂಪೌಂಡ್, ಮೈದಾನ, ಇಂಗುಗುಂಡಿ, ಕೈತೋಟಗಳಿಗೆ ಉದ್ಯೋಗ ಖಾತ್ರಿಯ ಹಣ ಬಳಸಿದ ಪಂಚಾಯಿತಿಗಳು ರಾಜ್ಯದಲ್ಲಿ ಬಹಳ ಇವೆ. ಮನಸ್ಸಿದ್ದರೆ ಹಣದ ದಾರಿ ಹುಡುಕುವುದು ಕಷ್ಟವಲ್ಲ.

ಇಲ್ಲೇ ಪಕ್ಕದ ಮಸ್ಕಿಯ ಬಂಡೆಯನ್ನು ನೆನೆಯಬೇಕು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡುಹಿಡಿದ ಆ ಶಾಸನ ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿದ್ದರಿಂದ ಜಗತ್ತಿಗೆಲ್ಲ ಗೊತ್ತಾಯಿತು. ಅದರೊಳಗಿನ ಮಾತು ಅಷ್ಟಾಗಿ ಗೊತ್ತಿಲ್ಲ. ಧರ್ಮದ ದಾರಿಯಲ್ಲಿ ದೊಡ್ಡವರು ಮಾತ್ರ ಮುಟ್ಟಬಲ್ಲ ಗುರಿ ಎಂಬುದಿಲ್ಲ, ಶ್ರದ್ಧೆ ಇದ್ದರೆ ಸಣ್ಣವರೂ ಮುಟ್ಟಬಲ್ಲರು, ಇದನ್ನು ಇಬ್ಬರಿಗೂ ತಿಳಿಸಬೇಕು ಎಂಬ ಆಶಯ ಅದರಲ್ಲಿದೆ. ಸಣ್ಣವರ ಮಾತಿಗೆ ಸಭೆಯಲ್ಲಿ ಜಾಗ ಕೊಡಲು ಈ ನೆಲಕ್ಕೆ ಇದಕ್ಕಿಂತ ಹಳೆಯ ಅಪ್ಪಣೆ ಬೇಕಿಲ್ಲ.

ಹೊರೆ ದೊಡ್ಡವರದು

ಎಚ್ಚರಿಕೆಯ ಮಾತುಗಳೂ ಇವೆ. ಕಾಲುವೆಯ ದಂಡೆ, ತೆರೆದ ಬಾವಿ, ಗಣಿಯ ತ್ಯಾಜ್ಯದ ದಿಬ್ಬಗಳ ಹತ್ತಿರ ಮಕ್ಕಳನ್ನು ಕರೆದೊಯ್ಯಬಾರದು. ಚರಂಡಿ ಬಳಿಸುವುದು, ಕಸ ಹೊರಿಸುವುದು ಪರಿಸರ ಶಿಕ್ಷಣವಲ್ಲ. ಯಾರ ಹಲ್ಲಿನ ಮೇಲೆ ಕಲೆ ಇದೆಯೆಂದು ತರಗತಿಯಲ್ಲಿ ಹೆಸರು ಹಿಡಿದು ಎಣಿಸಲೇಬಾರದು. ಯಾವ ಓಣಿಗೆ ಎಷ್ಟು ಹೊತ್ತು ನೀರು ಬರುತ್ತದೆ, ಮನೆಗೆ ನೀರು ತರುವವರು ಯಾರು ಎಂಬ ಸಮೀಕ್ಷೆಯನ್ನು ಮಾತ್ರ ಬಿಡದೆ ಮಾಡಿಸಬೇಕು. ಕೊಡ ಹೊತ್ತು ತಡವಾಗಿ ಶಾಲೆಗೆ ಬರುವ ಹುಡುಗಿಯ ಹಾಜರಾತಿಯೂ ಪರಿಸರದ ಅಂಕಿಯೇ. ಹತ್ತಿ ಬಿಡಿಸುವ ಕಾಲದಲ್ಲಿ ಖಾಲಿಯಾಗುವ ಬೆಂಚುಗಳು, ಮಳೆ ಕೈಕೊಟ್ಟ ವರ್ಷ ಅಪ್ಪ–ಅವ್ವನ ಜೊತೆ ಬೆಂಗಳೂರು, ಪುಣೆಗೆ ಗುಳೆ ಹೋದ ಮಕ್ಕಳ ಹೆಸರುಗಳು ಅದೇ ಲೆಕ್ಕದ ಮುಂದಿನ ಸಾಲುಗಳು. ನೆಲ, ನೀರು ಕೆಟ್ಟಾಗ ಮೊದಲು ಊರು ಬಿಡುವವರು ಬಡವರು ಎಂಬುದನ್ನು ಮುಚ್ಚಿಟ್ಟು ಪರಿಸರ ಕಲಿಸಲಾಗದು.

ಶಿಕ್ಷಕರಿಗೆ ಇದು ಹೊಸ ಹೊರೆಯಾಗಬೇಕಿಲ್ಲ. ಮಳೆಯ ಸರಾಸರಿ, ಮಾಳಿಗೆಯ ಕ್ಷೇತ್ರಫಲ ಗಣಿತದ ಅವಧಿಯಲ್ಲಿ, ಕೊಳವೆಬಾವಿಯ ನಕ್ಷೆ ಸಮಾಜ ವಿಜ್ಞಾನದಲ್ಲಿ, ಸವಳು ಮಣ್ಣಿನ ತಟ್ಟೆ ವಿಜ್ಞಾನದಲ್ಲಿ, ಪಂಚಾಯಿತಿಗೆ ಬರೆಯುವ ಮನವಿ ಪತ್ರ ಕನ್ನಡದ ಅವಧಿಯಲ್ಲಿ ಆಗಿಬಿಡುತ್ತವೆ. ಶಿಕ್ಷಣ ಇಲಾಖೆ ಮಾಡಬೇಕಾದದ್ದು ಒಂದೇ. ಈ ಕೆಲಸವನ್ನು ಫೋಟೊ ಎಷ್ಟು ಕಳಿಸಿದರು ಎಂದು ಅಳೆಯುವುದನ್ನು ಬಿಟ್ಟು, ಮಕ್ಕಳ ದಾಖಲೆ ಪುಸ್ತಕವನ್ನು ಬಿಡಿಸಿ ನೋಡಬೇಕು. ಗುಳೆ ಹೋದವರು ಮರಳಿ ಬಂದಾಗಲೂ, ಏಳನೆಯವರು ಎಂಟಕ್ಕೆ ಹೋದಾಗಲೂ ಆ ಪುಸ್ತಕ ಶಾಲೆಯಲ್ಲೇ ಇರಬೇಕು. ಹತ್ತು ವರ್ಷ ಹಾಗೆ ಬರೆದರೆ ಊರಿಗೆ ತನ್ನದೇ ಮಳೆ, ನೀರು, ಮರಗಳ ಚರಿತ್ರೆ ಸಿಕ್ಕೀತು.

ಉಳಿದದ್ದು ದೊಡ್ಡವರ ಪಾಲು. ಮಕ್ಕಳ ಗ್ರಾಮಸಭೆಯಲ್ಲಿ ಎದ್ದ ಪ್ರತಿ ಪ್ರಶ್ನೆಗೂ ತಿಂಗಳೊಳಗೆ ಲಿಖಿತ ಉತ್ತರ ಕೊಡುವುದಾಗಿ ಪಂಚಾಯಿತಿಗಳು ತಾವಾಗಿ ಠರಾವು ಮಾಡಲಿ. ಆಗುವುದಾದರೆ ಯಾವಾಗ, ಆಗದಿದ್ದರೆ ಏಕೆ ಎಂದು ಬರೆದು, ಆ ಪತ್ರವನ್ನು ಬೆಳಗಿನ ಪ್ರಾರ್ಥನೆಯ ವೇಳೆ ಎಲ್ಲ ಮಕ್ಕಳಿಗೂ ಓದಿ ಹೇಳಲಿ. ತಾನು ಅಳೆದದ್ದಕ್ಕೆ ಊರು ಉತ್ತರ ಕೊಡುತ್ತದೆ ಎಂದು ಹನ್ನೆರಡರ ವಯಸ್ಸಿನಲ್ಲಿ ಕಂಡುಕೊಂಡ ಮಗು ಮುಂದೆ ಎಲ್ಲಿ ಬದುಕಿದರೂ ಆ ಊರಿನ ನೀರು, ನೆಲದ ಬಗ್ಗೆ ಸುಮ್ಮನೆ ಕೂರುವುದಿಲ್ಲ. ಅಂಥ ನಾಗರಿಕರನ್ನು ಬೆಳೆಸಲು ಗುರುಗುಂಟಾದ ಒಂದು ಹಿರಿಯ ಪ್ರಾಥಮಿಕ ಶಾಲೆ, ಒಂದು ಪಂಚಾಯಿತಿ ಕಚೇರಿ ಮತ್ತು ಒಂದು ಮಳೆಗಾಲ ಸಾಕು. ಬರುವ ಜೂನ್‌ನಲ್ಲೇ ಇದನ್ನು ಆರಂಭಿಸಬಹುದು.